ನಗರದ ಆ ತುದಿಯ ಕಾಲೇಜು

ಅಕ್ಕ ಈ ಮಹಾನಗರಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಕನ್ನಡಕದ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಲೆನ್ಸುಗಳನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಲೆನ್ಸು ಲೊಡಲೊಡ ಅನ್ನುತ್ತದೆ, ಕಡಿಮೆಯಾದರೆ ಕೂರುವುದೇ ಇಲ್ಲ. ಯಂತ್ರದ ಗುಂಯ್ ಸದ್ದಿನಲ್ಲಿ ದಿನವಿಡೀ ಯಾರ ಜೊತೆಗೂ ಮಾತಿಲ್ಲ. ಸಂಜೆ ಮೂರನೇ ಮಹಡಿಯ ಬಾಡಿಗೆ ಕೋಣೆಯ ಬೀಗ ತೆಗೆದರೆ ಅಲ್ಲೂ ಅದೇ ಕಥೆ. ಎಷ್ಟೋ ಭಾನುವಾರ, ಬೆಳಗಿನಿಂದ ತಾನು ಬಾಯಿಯೇ ಬಿಚ್ಚಿಲ್ಲವೆಂದು ಸಂಜೆಗೆ ಹೊಳೆದು, ಗಂಟಲು ಸರಿಯಿದೆಯೋ ಎಂದು ಸುಮ್ಮನೆ ಕೆಮ್ಮಿ ನೋಡುತ್ತಿದ್ದಳು.

ಹಾಗಾಗಿ ತಂಗಿ ನಗರದಲ್ಲೇ ಕಾಲೇಜು ಸೇರುತ್ತಾಳೆಂದು ಅಪ್ಪ ಫೋನಿನಲ್ಲಿ ಹೇಳಿದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ತಂಗಿಗೆ ಜೀರುಂಡೆ ಎಂದೇ ಹೆಸರು. ಒಮ್ಮೆ ಮಾತು ಶುರುವಿಟ್ಟುಕೊಂಡರೆ ನಿಲ್ಲಿಸುವ ಜಾಯಮಾನವಲ್ಲ. ಅದರ ಜೊತೆಗೆ ಹುಳುಹುಪ್ಪಟೆಯ ಹುಚ್ಚು ಬೇರೆ. ಚಿಕ್ಕಂದಿನಲ್ಲಿ ಅವನ್ನು ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದಳು. ಒಲೆ ಹಚ್ಚಲು ಪೊಟ್ಟಣ ತೆಗೆದ ಅಮ್ಮ ಎಷ್ಟು ಸಲ ಹೌಹಾರಿದ್ದಳೋ. ಈಗ ಓದಿದರೆ ಹುಳುಗಳ ಬಗ್ಗೆಯೇ ಓದುವುದು ಎಂದು ಹಟ ಹಿಡಿದಿದ್ದಳು.

ಅಕ್ಕ ಕಪಾಟಿನ ಅರ್ಧ ಖಾಲಿ ಮಾಡಿದಳು. ಕಿಟಕಿಯ ಬುಡಕ್ಕೆ ಮೇಜು ಎಳೆದಳು. ಎರಡನೇ ದಿಂಬು ತಂದಳು. ತಂದ ರಾತ್ರಿ ಅದನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿ, ತನಗೇ ನಾಚಿಕೆಯಾಗಿ ಗೋಡೆಯ ಕಡೆ ಹೊರಳಿದಳು.

ಕೊನೆಗೆ ಎರಡು ಕಾಲೇಜು ಉಳಿದವು. ಒಂದು ಕೋಣೆಯಿಂದ ಹತ್ತು ನಿಮಿಷದ ನಡಿಗೆ. ಇನ್ನೊಂದು ನಗರದ ಆ ತುದಿಯಲ್ಲಿ. ಎರಡು ರೈಲು, ಮೇಲೊಂದು ಬಸ್ಸು. ದಿನಾ ಓಡಾಡುವ ಮಾತೇ ಇಲ್ಲ, ಹಾಸ್ಟೆಲೇ ಗತಿ.

"ನೀನು ಅಲ್ಲೇ ಇದ್ದೀಯಲ್ಲಮ್ಮ, ನೋಡಿ ಹೇಳು," ಎಂದಿದ್ದರು ಅಪ್ಪ.

ಅಕ್ಕ ಅಂಗಡಿಗೆ ಒಂದು ದಿನ ರಜೆ ಹಾಕಿ ದೂರದ ಕಾಲೇಜಿಗೆ ಹೋದಳು. ಹಿತ್ತಲಲ್ಲಿ ಗಾಜಿನ ಗೋಡೆಯ ದೊಡ್ಡ ಕೋಣೆ. ಒಳಗೆ ಗಿಡಗಳ ತುಂಬ ಜೀವಂತ ಹುಳುಗಳು. ಹುಡುಗಿಯರು ತಟ್ಟೆಗಳ ಮೇಲೆ ಬಗ್ಗಿ, ತಲೆಗೆ ತಲೆ ತಾಗಿಸಿ ನೋಡುತ್ತಿದ್ದರು. ನರೆಗೂದಲಿನ ಮೇಡಂ ಒಬ್ಬರು ತೋಳಿನ ಮೇಲೆ ಹಸಿರು ದುಂಬಿಯೊಂದನ್ನು ಹತ್ತಿಸಿಕೊಂಡೇ ಓಡಾಡುತ್ತಿದ್ದರು.

"ಹೆದರ್ಬೇಡ, ಕಚ್ಚಲ್ಲ. ಸೇರೋದು ನೀನಾ?"

"ಅಲ್ಲ, ನನ್ನ ತಂಗಿ."

"ಹಾಗಾದ್ರೆ ಅವಳನ್ನ ಕರ್ಕೊಂಡು ಬಾ."

ಜೀರುಂಡೆ ಇಲ್ಲಿಗೆ ಕಾಲಿಟ್ಟರೆ ಮತ್ತೆ ಹೊರಗೆ ಬರುವವಳಲ್ಲ ಎಂದು ಅಕ್ಕನಿಗೆ ಆ ಕ್ಷಣವೇ ಗೊತ್ತಾಯಿತು. ಆ ಸಂಜೆ ತಂಗಿ ಫೋನಿನಲ್ಲಿ ಕೇಳಿದಾಗ ಅಕ್ಕನ ನಾಲಿಗೆ ತಾನಾಗಿ ಹೊರಳಿತು. "ತುಂಬಾ ದೂರ ಕಣೆ. ಅಷ್ಟು ದೂರ ಹೋಗೋ ಅಂಥದ್ದು ಅಲ್ಲೇನೂ ಇಲ್ಲ."

ಹತ್ತು ದಿನದ ನಂತರ ತಂಗಿ ಚೀಲ ಹೊತ್ತು ಬಂದಳು. ಇಬ್ಬರೂ ಹತ್ತಿರದ ಕಾಲೇಜಿಗೆ ನಡೆದರು. ಅಟೆಂಡರು ಧೂಳು ಹಿಡಿದ ಕಪಾಟು ತೆರೆದು ತೋರಿಸಿದ. ಸೀಸೆಗಳಲ್ಲಿ ಬಣ್ಣಗೆಟ್ಟ ಹುಳುಗಳು. ಒಂದರ ಕಾಲುಗಳೆಲ್ಲ ಉದುರಿ ತಳ ಸೇರಿದ್ದವು.

"ಜೀವ ಇರೋದು ಒಂದೂ ಇಲ್ವಾ?" ತಂಗಿ ಕೇಳಿದಳು.

"ಯಾಕಿಲ್ಲ? ಆ ಬೆಂಚಿನ ಸಂದೀಲಿ ಬೇಕಾದಷ್ಟು ತಿಗಣೆ ಇದೆ," ಎಂದ ಅಟೆಂಡರು.

ತಂಗಿ ನಕ್ಕಳು. ಕೋಣೆಗೆ ಬಂದು ಹೊಸ ಮೇಜಿನ ಮುಂದೆ ಕೂತು ಅರ್ಜಿ ತುಂಬತೊಡಗಿದಳು. "ಇದೇ ಸಾಕು ಬಿಡಕ್ಕ. ಹುಳ ಎಲ್ಲಿದ್ರೂ ಸಿಗತ್ತೆ. ನೀನು ಎಲ್ಲಿ ಸಿಕ್ತೀಯ?"

ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ಆದರೆ ಅಕ್ಕ ಅಂದು ರಾತ್ರಿ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದಳು. ಹುಡುಗಿ ತನ್ನ ಪಾಲಿನ ಕಪಾಟಿನಲ್ಲಿ ಬಟ್ಟೆ ಜೋಡಿಸುತ್ತ ಪಟಪಟ ಮಾತಾಡುತ್ತಲೇ ಇದ್ದಳು. ಒಂಬತ್ತು ವರ್ಷ ಹಂಬಲಿಸಿದ್ದ ಆ ಸದ್ದು ಕಿವಿಗೆ ಚುಚ್ಚುತ್ತಿತ್ತು.

ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ, "ಹೊರಡು" ಎಂದಳು.

"ಎಲ್ಲಿಗೆ?"

"ಹೊರಡೇ, ಹೇಳ್ತೀನಿ."

ಎರಡನೇ ರೈಲಿನಲ್ಲಿ ಎಲ್ಲ ಹೇಳಿದಳು, ತಾನಾಡಿದ ಸುಳ್ಳನ್ನೂ. ತಂಗಿ ಮುಖವನ್ನು ಕಿಟಕಿಗೆ ತಿರುಗಿಸಿದಳು. ರೈಲಿಳಿದು ಬಸ್ಸು ಹತ್ತಿ ಕಾಲೇಜಿನ ಗೇಟು ಬರುವವರೆಗೂ ಜೀರುಂಡೆ ತುಟಿಪಿಟಿಕ್ಕೆನ್ನಲಿಲ್ಲ. ಅಕ್ಕನೇ ಗಾಜಿನ ಕೋಣೆಯ ಬಾಗಿಲು ತೋರಿಸಿ, ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು.

ಗಾಜಿನಾಚೆ ಮೇಡಂ ಏನನ್ನೋ ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ತಂಗಿಯೇ ಅವರಿಗೆ ಏನನ್ನೋ ತೋರಿಸತೊಡಗಿದಳು, ಕೈ ಬಾಯಿ ಎರಡೂ ಆಡಿಸುತ್ತ. ಒಂದೂವರೆ ಗಂಟೆ ಕಳೆಯಿತು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವಳು ಬೆಂಚಿನ ಕಡೆ ನೋಡಲಿಲ್ಲ. ಅಕ್ಕ ಮಾತ್ರ ರೆಪ್ಪೆ ಮಿಟುಕಿಸದೆ ನೋಡಿದಳು. ಇಷ್ಟೊಂದು ಸಂತೋಷವಾಗಿರುವ ತಂಗಿಯನ್ನು ಅವಳು ಕಂಡೇ ಇರಲಿಲ್ಲ.

ಹೊರಗೆ ಬಂದು ತಂಗಿ ಪಕ್ಕದಲ್ಲಿ ಕೂತಳು.

"ಹತ್ತು ದಿನ ಇದನ್ನ ಹೊಟ್ಟೇಲಿಟ್ಕೊಂಡು ಹೇಗಿದ್ದೆ ಅಕ್ಕ?"

"ಗೊತ್ತಿಲ್ಲ."

"ನೀನು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ನಂಗೆ ಗೊತ್ತಿರ್ತಿತ್ತಲ್ಲ."

ತಂಗಿ ಕಾಲಿನಿಂದ ಮಣ್ಣು ಕೆದಕಿದಳು. "ನಿನ್ನ ಮೇಲೆ ಸಿಟ್ಟಿದೆ."

"ಇರಲಿ."

"ಪ್ರತಿ ಭಾನುವಾರ ಬರ್ತೀನಿ."

"ಮೊದಲು ಅರ್ಜಿ ತುಂಬು ನಡಿ."

ಮೊದಲ ಎರಡು ತಿಂಗಳು ತಂಗಿ ಪ್ರತಿ ಭಾನುವಾರ ಬಂದಳು. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಆಮೇಲೆ ಪರೀಕ್ಷೆ ಬಂತು. ಅಕ್ಕ ಈಗಲೂ ಶನಿವಾರವೇ ಕೋಣೆ ಗುಡಿಸಿ ಒರೆಸಿ, ಇಬ್ಬರಿಗಾಗುವಷ್ಟು ಹಣ್ಣು ತಂದಿಡುತ್ತಾಳೆ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತದೆ. ಹೆಜ್ಜೆ ಎರಡನೇ ಮಹಡಿಯಲ್ಲೇ ತಿರುಗಿಕೊಳ್ಳುತ್ತದೆ.

ಈ ವಾರ ಫೋನು ಬಂತು. "ಬರೋಕಾಗಲ್ಲ ಅಕ್ಕ. ಮೇಡಂ ನಮ್ಮನ್ನ ಕಾಡಿಗೆ ಕರ್ಕೊಂಡು ಹೋಗ್ತಿದ್ದಾರೆ. ಅಲ್ಲಿ ಒಂದು ದುಂಬಿ ಇದೆಯಂತೆ, ವರ್ಷಕ್ಕೆ ಆರೇ ದಿನ ಕಾಣ್ಸೋದು..." ಎಂದು ಶುರುವಾದ ಮಾತು ಅದರ ರೆಕ್ಕೆ, ಮೀಸೆ, ಮೊಟ್ಟೆ ಎಲ್ಲ ಸುತ್ತಿ ಬಂತು. ಉದ್ದನೆಯ ಹೆಸರೊಂದನ್ನು ಹೇಳಿ ಕೊನೆಗೊಮ್ಮೆ ಉಸಿರು ಬಿಟ್ಟಳು.

"ಏನಂದೆ ಅದರ ಹೆಸರು?" ಎಂದಳು ಅಕ್ಕ.

ತಂಗಿ ಮತ್ತೆ ಹೇಳಿದಳು.

"ಇನ್ನೊಂದ್ಸಲ ಹೇಳು."

"ಎರಡು ಸಲ ಹೇಳಿದ್ನಲ್ಲಕ್ಕ!"

"ನಿಧಾನವಾಗಿ ಹೇಳೇ," ಎಂದು ಅಕ್ಕ ಕಿಟಕಿಯ ಬುಡದ ಮೇಜಿಗೆ ಮೊಣಕೈಯೂರಿ ಕೂತಳು. "ನಂಗೇನೂ ಅವಸರ ಇಲ್ಲ."