ರಟ್ಟಿನ ಮೇಲಿನ ಕಾಲು

ದೊಡ್ಡ ವಿದೇಶಿ ಕಂಪನಿಯೊಂದು ಫೋನಿನಲ್ಲೇ ಚಪ್ಪಲಿ, ಶೂ ಮಾರಲು ಶುರು ಮಾಡಿದ ಮೇಲೆ ನಮ್ಮ ಬೀದಿಯ ಮೂರು ಚಪ್ಪಲಿ ಅಂಗಡಿಗಳಲ್ಲಿ ಎರಡು ಬಾಗಿಲು ಹಾಕಿದವು. ಉಳಿದದ್ದು ನಮ್ಮದು. ನನ್ನ ಗಂಡನಿಗೆ ಮಾತ್ರ ಎಲ್ಲಿಲ್ಲದ ಧೈರ್ಯ. “ಅವರು ಸಾವಿರ ನಮೂನೆ ತೋರಿಸ್ಲಿ ಕಣೇ. ಗಿರಾಕಿ ಕಾಲು ಮುಟ್ಟಿ ಅಳತೆ ತಗೊಳ್ಳೋರು ಯಾರಿದಾರೆ ಅಲ್ಲಿ?” ಅನ್ನುತ್ತಿದ್ದರು.

ಬೆಳಿಗ್ಗೆ ಬಂದವರನ್ನು ಸಂಜೆ ಬನ್ನಿ ಎಂದು ವಾಪಸ್ ಕಳಿಸುತ್ತಿದ್ದರು. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ, ಆಗಿನ ಅಳತೆಯೇ ಅಳತೆ ಎಂಬುದು ಮಾವನವರು ಕಲಿಸಿದ ಪಾಠ. ಬಂದ ಗಿರಾಕಿಯನ್ನು ಬಾಗಿಲಿಂದಲೇ ಅಟ್ಟುವ ವ್ಯಾಪಾರಿಯನ್ನು ಇನ್ನೆಲ್ಲಾದರೂ ಕಂಡಿದ್ದೀರಾ?

ಅಷ್ಟರಲ್ಲಿ ಮೈದುನನ ಮಗಳ ಮದುವೆ ಗೊತ್ತಾಯಿತು. “ಮನೆಮಂದಿಗೆಲ್ಲ ಚಪ್ಪಲಿ, ಶೂ ನೀನೇ ಮಾಡ್ಕೊಡು ಅಣ್ಣಾ. ನೀನಿರುವಾಗ ಬೇರೆಯವರ್ಯಾಕೆ?” ಎಂದ. ಆ ಕೆಲಸ ಸಿಕ್ಕರೆ ಈ ವರ್ಷ ಅಂಗಡಿ ಉಳಿಯುತ್ತಿತ್ತು. ಇವರು ಸಂಜೆ ಅವನ ಮನೆಗೇ ಹೋಗಿ, ಒಬ್ಬೊಬ್ಬರನ್ನೂ ರಟ್ಟಿನ ಮೇಲೆ ನಿಲ್ಲಿಸಿ, ಮಂಡಿಯೂರಿ ಪಾದದ ಸುತ್ತ ಪೆನ್ಸಿಲ್ ಎಳೆದರು. ಚರ್ಮವನ್ನೂ ತಂದಿಟ್ಟರು. ಮುಂಗಡ ಕೇಳಿ ಎಂದೆ. “ತಮ್ಮನ ಹತ್ರ ಮುಂಗಡವಾ?” ಎಂದು ನನ್ನ ಬಾಯಿ ಮುಚ್ಚಿಸಿದರು.

“ಯಾರಿಗೆ ಯಾವ ಬಣ್ಣ ಅಂತ ರಟ್ಟಿನ ಮೇಲೇ ಬರೆದು ಕಳಿಸ್ತೀನಿ” ಎಂದು ಮೈದುನ ರಟ್ಟುಗಳನ್ನು ಇಟ್ಟುಕೊಂಡ. ಕಳಿಸಲೇ ಇಲ್ಲ. ಕೇಳಿದಾಗಲೆಲ್ಲ ನಾಳೆ, ನಾಡಿದ್ದು ಎಂದ.

ಮದುವೆಯ ದಿನ ನೋಡಿದರೆ ಅವನ ಮನೆಯ ಎಲ್ಲರ ಕಾಲಲ್ಲೂ ಆ ಕಂಪನಿಯ ಮಾಲು! ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ? ನನ್ನ ಮೈಯೆಲ್ಲ ಉರಿಯಿತು.

ಮುಖ ತಪ್ಪಿಸುವಷ್ಟು ನಾಚಿಕೆಯೂ ಆ ಮೈದುನನಿಗೆ ಇರಲಿಲ್ಲ. ನೇರ ನಮ್ಮ ಹತ್ತಿರವೇ ಬಂದ.

“ತಪ್ಪು ತಿಳ್ಕೋಬೇಡ ಅಣ್ಣಾ, ಮಕ್ಕಳ ಹಟ. ಕಂಪನಿಯವರು ಪಾದದ ಗೆರೆ ಎಳೆದು ಫೋಟೋ ಕಳಿಸಿ ಅಂತಾರೆ. ನಾವೇ ಬಗ್ಗಿ ಎಳ್ಕೊಂಡ್ರೆ ಸೊಟ್ಟ ಬರುತ್ತೆ. ನಿನ್ನ ರಟ್ಟಿನ ಫೋಟೋನೇ ತೆಗೆದು ಕಳಿಸಿದ್ವಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಬಗ್ಗಿ, ತಮ್ಮನ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಎಲ್ಲೂ ಕಚ್ಚಲ್ಲ ತಾನೇ?”

“ಒಂದು ಚೂರೂ ಇಲ್ಲ. ಎಲ್ಲರಿಗೂ ಹೇಳಿ ಮಾಡಿಸಿದ ಹಾಗಿದೆ.”

ಇವರ ಮುಖ ಅರಳಿತು. ಮೈದುನನನ್ನು ನಾನು ಎಂದಾದರೂ ಕ್ಷಮಿಸಿಯೇನು, ಆ ಅರಳಿದ ಮುಖವನ್ನು ಮಾತ್ರ ಇಲ್ಲ.

ಮರುವಾರ ಅಂಗಡಿಗೆ ಬೀಗ ಹಾಕಿದ್ದು ನಾನೇ. ಅವರ ಕೈಲಿ ಆಗಲಿಲ್ಲ.