ಅಲಾಮು ಎಂದು ಕರೆಯುವವರು

ಲಾಡಿಪೊಗೆ ಏನು ಕಡಿಮೆಯಾಗಿತ್ತು? ಮಿಲಿಟರಿ ಸರ್ಕಾರದಲ್ಲಿ ಕುಡಿಯುವ ನೀರಿನ ಕಮಿಷನರ್, ಎಂದರೆ ಮಂತ್ರಿಯೇ. ಮುಂದೊಂದು ಜೀಪು, ಹಿಂದೊಂದು ಜೀಪು, ಪ್ರಾಂತದ ರಾಜಧಾನಿ ಇಬಾದಾನಿನಲ್ಲಿ ಬಂಗಲೆ. ಅಷ್ಟು ದೊಡ್ಡ ಬಂಗಲೆಯಲ್ಲಿ ಅವನನ್ನು ಅಲಾಮು ಎಂದು ಕರೆಯುವ ಒಂದು ನರಪಿಳ್ಳೆಯೂ ಇರಲಿಲ್ಲ.

ಅಲಾಮು ಅವನ ಮುದ್ದಿನ ಹೆಸರು. ಯೊರುಬಾ ಮನೆಗಳಲ್ಲಿ ಅಂಥ ಹೆಸರು ಎತ್ತಿ ಆಡಿಸಿದ ಹಿರಿಯರ ಬಾಯಲ್ಲೇ ಚೆನ್ನ. ಅದರ ಹಿಂದೆಯೇ ವಂಶದ ಹೊಗಳಿಕೆಯೂ ಹಾಡಾಗಿ ಬರುತ್ತದೆ. ತಾಯಿಯಿಲ್ಲದ ಅವನನ್ನು ಸಾಕಿದವಳು ಸೋದರತ್ತೆ ಅಬೇಕೆ, ಬಟ್ಟೆಗೆ ನೀಲಿ ಬಣ್ಣ ಅದ್ದುವವಳು. ಚುನಾವಣೆಗಳಿದ್ದ ಕಾಲದಲ್ಲಿ ಅವಳು ಇವನ ಪ್ರಚಾರದ ಲಾರಿ ಹತ್ತಿ, "ಅಲಾಮು, ಆನೆ ಬೇಟೆಗಾರನ ಮೊಮ್ಮಗ" ಎಂದು ಶುರುಮಾಡಿದರೆ ಎದುರು ಪಕ್ಷದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಇವನ ಭಾಷಣ ಯಾರಿಗೆ ಬೇಕಿತ್ತು!

ಸೈನಿಕರು ಬಂದು, ಅವನು ಗೆದ್ದು ಕೂತಿದ್ದ ಶಾಸನಸಭೆಗೆ ಬೀಗ ಜಡಿದರು. ಬೀಗ ಜಡಿದವರೇ ಇವನನ್ನು ಕರೆದು ಕುರ್ಚಿ ಕೊಟ್ಟರು. ಊರಿಗೆ ನಲ್ಲಿಯಾದರೂ ಬರಲಿ ಎಂದು ಕೂತ.

ನಲ್ಲಿ ಬಂತು. ಉದ್ಘಾಟನೆಗೆ ಗವರ್ನರ್ ಜೊತೆ ಹೋದ. ಗವರ್ನರ್ ಎಂದರೆ ಮೀಸೆ ಚಿಗುರಿದ ಒಬ್ಬ ಮೇಜರ್. ಜನರನ್ನು ಸರಿಸಿಕೊಂಡು ಅತ್ತೆ ಬಂದಳು, ನೀಲಿ ಕೈಗಳನ್ನು ಚಾಚಿ. ಅವನು ಎದೆ ನೆಲಕ್ಕೆ ತಾಗುವಂತೆ ಅಡ್ಡಬೀಳಬೇಕಿತ್ತು. ಮೇಜರ್ ನೋಡುತ್ತಿದ್ದ. ನಿಲುವಂಗಿ ಹಾಲಿನಷ್ಟು ಬೆಳ್ಳಗಿತ್ತು. ಲಾಡಿಪೊ ಸ್ವಲ್ಪ ಬಗ್ಗಿ, ಬೆರಳಿನಿಂದ ನೆಲ ಮುಟ್ಟಿದ ಶಾಸ್ತ್ರ ಮಾಡಿದ.

ಅತ್ತೆ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. "ಕಮಿಷನರ್ ಸಾಹೇಬ್ರಿಗೆ ಸೊಂಟ ನೋವೇನೋ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು. ಸುತ್ತಲಿನವರು ನಕ್ಕರು. ಅಂದಿನಿಂದ ಅಲಾಮು ಎಂಬ ಹೆಸರು ಅವಳ ಬಾಯಿಂದ ಹೊರಡಲೇ ಇಲ್ಲ. ಬಟ್ಟೆ ಕಳಿಸಿದ, ಮರ್ಯಾದೆಗೆ ಕೊಡುವ ಕೋಲಾ ಕಾಯಿ ಕಳಿಸಿದ. ಸಾಹೇಬರಿಗೆ ವಂದನೆ ಎಂದು ಉತ್ತರ ಬರುತ್ತಿತ್ತು.

ಅದಾಗಿ ಮೂರು ವರ್ಷಕ್ಕೆ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಬ್ಯಾಂಡ್ ವಾದ್ಯ. ಬೇರೆ ಸೈನಿಕರು ಬಂದಿದ್ದರು, ಕಮಿಷನರುಗಳೆಲ್ಲ ವಜಾ. ಉಳಿದವರು ತಲೆ ಮೇಲೆ ಕೈ ಹೊತ್ತು ಕೂತರೆ, ಇವನು ಮಾರನೆಯ ದಿನವೇ ಗೆಣಸಿನ ಲಾರಿ ಹತ್ತಿ ಊರಿಗೆ ಬಂದ. ಅತ್ತೆಯ ಹಂಡೆಗಳ ನಡುವೆ, ನೀಲಿ ಕೆಸರಿನಲ್ಲಿ, ಉದ್ದಕ್ಕೆ ಬಿದ್ದ.

"ಯಾರದು, ನನ್ನ ಬಣ್ಣ ಚೆಲ್ಲಿದ್ದು?"

"ನಾನು ಅತ್ತೆ."

"ಯಾವ ನಾನು? ಕಮಿಷನರ್ ಸಾಹೇಬ್ರಾ?"

"ಅವನು ಹೋದ. ಕರೀ ಅತ್ತೆ, ಒಂದ್ಸಲ ಕರೀ. ಮೂರು ವರ್ಷ ಆಯ್ತು."

ಒದ್ದೆ ಕೈಗಳು ಅವನ ತಲೆಯ ಮೇಲೆ ಕೂತವು. "ಅಲಾಮು" ಎಂದಳು. ಐವತ್ತು ದಾಟಿದ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅವಳು ಹಾಡಿದಳು: ಬೇಟೆಗಾರ ಅಜ್ಜ, ಹೊಳೆಗೆ ದಾರಿ ಕಡಿದ ಅಪ್ಪ. ಹಾಡಿನಲ್ಲಿ ಇನ್ನು ಉಳಿದದ್ದು ಅವನದೇ ಸಾಲು. ಅಷ್ಟರಲ್ಲಿ ಅಂಗಳಕ್ಕೆ ಜೀಪು ನುಗ್ಗಿತು.

ಇಳಿದ ಸಿಪಾಯಿ ಹೇಳಿದ: ಹೊಸ ಗವರ್ನರಿಗೆ ಹಳೆಯ ಕಮಿಷನರೇ ಬೇಕಂತೆ. ಮಧ್ಯಾಹ್ನವೇ ಪ್ರಮಾಣವಚನ.

ಲಾಡಿಪೊ ಎದ್ದು ನಿಂತ. "ಕೆಳಗಿನ ಕೇರಿಗೆ ಪೈಪು ಅರ್ಧಕ್ಕೇ ನಿಂತಿದೆ ಅತ್ತೆ."

ಸುಳ್ಳಲ್ಲ, ನಿಂತಿತ್ತು. ಅತ್ತೆ ಅವನ ಮುಖವನ್ನು ನೋಡಿದಳು, ಕಾಲುಗಳನ್ನು ನೋಡಿದಳು. ಕಾಲುಗಳು ಆಗಲೇ ಜೀಪಿನ ಕಡೆ ತಿರುಗಿದ್ದವು.

"ನನ್ನ ಸಾಲು ಅತ್ತೆ? ಅದೊಂದು ಹೇಳಿಬಿಡು."

ಅವಳು ಕೈ ಒರೆಸಿಕೊಂಡಳು. "ಹೊತ್ತಾಯ್ತು. ಹೋಗಿ ಬನ್ನಿ, ಸಾಹೇಬ್ರೆ."

ದಾರಿಯಲ್ಲಿ ಸಿಪಾಯಿ ಕರವಸ್ತ್ರ ಚಾಚಿದ. "ಹಣೆ ಮೇಲೆಲ್ಲ ನೀಲಿ ಇಳೀತಿದೆ ಸರ್."

"ಇರಲಿ ಬಿಡು" ಎಂದ ಲಾಡಿಪೊ. ಸೈರನ್ ಕೂಗತೊಡಗಿದಾಗ, ಯಾರಿಗೂ ಕೇಳದು ಎಂದು, ಅಲಾಮು ಅಂತ ಮೆಲ್ಲಗೆ ತಾನೇ ಹೇಳಿ ನೋಡಿದ. ತನ್ನ ಬಾಯಲ್ಲಿ ಅದು ಯಾರದೋ ಹೆಸರಿನಂತೆ ಕೇಳಿಸಿತು.