ಅವನು ಅಲ್ಲಿಲ್ಲದ ಹೊತ್ತು

ಸಂಧ್ಯಾಗೆ ಮೊದಮೊದಲು ಅದು ತನ್ನ ಮೇಲಿನ ಸಿಟ್ಟು ಅನಿಸಿತ್ತು. ಊಟಕ್ಕೆ ಕೂತ ಗಂಡ ಪರಮಾನಂದ ಮಾತಿನ ನಡುವೆಯೇ ನಿಂತುಬಿಡುತ್ತಿದ್ದ. ಕಣ್ಣು ತೆರೆದೇ ಇರುತ್ತಿದ್ದವು, ನೋಟ ಮಾತ್ರ ಅವಳನ್ನು ದಾಟಿ ಎಲ್ಲಿಗೋ ಹೋಗಿರುತ್ತಿತ್ತು. ಬಾಯಲ್ಲಿ ತುತ್ತಿಲ್ಲದಿದ್ದರೂ ತುಟಿ ಚಪ್ಪರಿಸುತ್ತಿದ್ದ. ಎಡಗೈ ಅಂಗಿಯ ಗುಂಡಿ ತಡಕುತ್ತಿತ್ತು.

"ಏನ್ರಿ, ನಾ ಹೇಳಾಕತ್ತಿದ್ದು ಕೇಳಿಸಾಕತ್ತೈತೋ ಇಲ್ಲೋ?"

ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು, "ಪಲ್ಯಾ ಹಾಕು" ಅನ್ನುತ್ತಿದ್ದ. ತನ್ನ ಮಾತಿಗೆ ಬೆಲೆಯೇ ಇಲ್ಲವೆಂದು ಸಂಧ್ಯಾ ಆ ದಿನವೆಲ್ಲ ಮುಖ ಊದಿಸಿಕೊಂಡು ಇರುತ್ತಿದ್ದಳು.

ಅವರ ಮನೆ ಜಮಖಂಡಿಯಲ್ಲಿ. ಅವಳು ಅಲ್ಲಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅವನು ತುಬಚಿಯ ಏತ ನೀರಾವರಿ ಪಂಪ್‌ಹೌಸಿನಲ್ಲಿ ಆಪರೇಟರ್, ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದ. ಮೋಟರಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತೇನೆಂದು ಜಂಬ ಕೊಚ್ಚುವ ಮನುಷ್ಯ.

ಬನಹಟ್ಟಿಯಲ್ಲಿ ಅವಳ ಅಣ್ಣ ಈಶ್ವರನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅದು ಸಿಟ್ಟಲ್ಲವೆಂದು ಗೊತ್ತಾಯಿತು. ಹೆಣ್ಣುಮಕ್ಕಳು ಜೋಗುಳ ಹಾಡುತ್ತಿದ್ದರು. ಪರಮಾನಂದ ಕುರ್ಚಿಯಿಂದೆದ್ದು, ಎಲ್ಲರ ನಡುವೆ ನಿಂತು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಬಿಚ್ಚುತ್ತಲೇ ಪಕ್ಕದ ಮಗ್ಗದ ಶೆಡ್ಡಿನ ಕಡೆ ನಡೆದ. ಪವರ್‌ಲೂಮುಗಳು ಓಡುತ್ತಿದ್ದವು. ಈಶ್ವರ ಓಡಿಹೋಗಿ ಅಡ್ಡ ನಿಲ್ಲದಿದ್ದರೆ ಏನಾಗುತ್ತಿತ್ತೋ.

"ತೊಟ್ಟಿಲದ ಮನಿಗೆ ಕುಡದ ಬಂದಾನಲ್ಲೋ ಇವ!" ಎಂದರು ಸಂಧ್ಯಾಳ ಸೋದರಮಾವ ಧರೆಪ್ಪ, ಎಲ್ಲರಿಗೂ ಕೇಳುವ ಹಾಗೆ.

ಪರಮಾನಂದ ಜೀವಮಾನದಲ್ಲಿ ಕುಡಿದವನಲ್ಲ. ಅದನ್ನು ಹೇಳಲು ಸಂಧ್ಯಾಗೆ ಬಾಯಿ ಬರಲಿಲ್ಲ. ಹೇಳಿದ್ದರೆ, ಮತ್ತೇನಾಗಿದೆ ಎಂದು ಕೇಳುತ್ತಿದ್ದರು. ಅದು ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವನು ಒಪ್ಪಲಿಲ್ಲ. "ನಾ ಎಲ್ಲಿ ಅಂಗಿ ಬಿಚ್ಚಿದ್ನಿ? ಹುಚ್ಚ ಹಿಡದೈತೇನು ನಿಮಗೆಲ್ಲಾ?" ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಆ ಹೊತ್ತು ಅವನ ಪಾಲಿಗೆ ನಡೆದೇ ಇರಲಿಲ್ಲ. ಮುಂದಿನ ಸಲ ಅದು ಬಂದಾಗ ಅವಳು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿದಳು. ಅವನು ಎರಡು ಸಲ ನೋಡಿದ. ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದ.

ಬೆಳಗಾವಿಯ ನರರೋಗದ ಡಾಕ್ಟರು ಆ ವಿಡಿಯೋವನ್ನೇ ಗಮನವಿಟ್ಟು ನೋಡಿದರು. ತಲೆಗೆ ವೈರು ಅಂಟಿಸಿ ಇಇಜಿ ತೆಗೆದಾಗ ಗೆರೆಗಳೆಲ್ಲ ಸರಿಯಾಗಿಯೇ ಬಂದವು. ಸಂಧ್ಯಾಗೆ ಜೀವ ಬಂದಂತಾಯಿತು.

"ಗೆರಿ ಛಲೋ ಬಂದ್ವು ಅಂದ್ರ ರೋಗ ಇಲ್ಲ ಅಂತಲ್ಲಮ್ಮ. ತೆಗೆಯೋ ಹೊತ್ತಿಗೆ ಅದು ಬಂದಿಲ್ಲ ಅಷ್ಟ," ಎಂದರು ಡಾಕ್ಟರು. ಆಮೇಲೆ ಕೇಳಿದರು: "ಸಣ್ಣವರಿದ್ದಾಗ ಜ್ವರದಾಗ ಏನರ ಆಗಿತ್ತೇನು?"

ಜೊತೆಗೆ ಬಂದಿದ್ದ ಅತ್ತೆ ಮರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹೌದ್ರಿ ಯಪ್ಪಾ. ಅಂಬೆಗಾಲು ಇಡೂ ಮುಂದ ಮೈ ಸುಡ್ತಿತ್ತು. ಕೈಕಾಲು ಸೆಟದು ಭಾಳ ಹೊತ್ತು ಎಚ್ಚರ ಇರಲಿಲ್ರಿ. ದೇವರು ಉಳಿಸಿದ ಅಂತ ಸುಮ್ಮನಾದ್ವಿ."

ಎಂಆರ್‌ಐನಲ್ಲಿ ಎಡಗಿವಿಯ ನೇರಕ್ಕೆ, ಮಿದುಳಿನ ಒಳಭಾಗದಲ್ಲಿ ಒಂದು ಹಳೆಯ ಕಲೆ ಕಂಡಿತು. ಡಾಕ್ಟರು ವಿವರಿಸಿದರು. ಮೂರ್ಛೆ ಎಂದರೆ ಬಿದ್ದು ಒದ್ದಾಡುವುದೊಂದೇ ಅಲ್ಲ. ಮಿದುಳಿನ ಒಂದು ಮೂಲೆಯಲ್ಲಷ್ಟೇ ವಿದ್ಯುತ್ತು ಹದ ತಪ್ಪಿ ಹರಿದರೂ ಅದು ಮೂರ್ಛೆಯೇ. ಇದಕ್ಕೆ ಫೋಕಲ್ ಎನ್ನುತ್ತಾರೆ. ಬಂದಾಗ ಹಿಡಿದುಕೊಳ್ಳಬಾರದು, ಬಾಯಿಗೆ ಏನೂ ಹಾಕಬಾರದು. ಪೆಟ್ಟಾಗುವಂಥದ್ದನ್ನು ದೂರ ಸರಿಸಿ ಪಕ್ಕದಲ್ಲಿರಬೇಕು. ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಬೇಕು. ಗುಳಿಗೆ ಒಂದು ಹೊತ್ತೂ ತಪ್ಪಿಸಬಾರದು.

"ಬೈಕು?" ಎಂದ ಪರಮಾನಂದ.

"ಸದ್ಯಕ್ಕ ಬ್ಯಾಡ. ಓಡೋ ಮಷೀನ್ ಹತ್ರಾನೂ ಬ್ಯಾಡ. ವರ್ಷಗಟ್ಟಲೆ ಬರದಂಗಿದ್ರ ಆಮ್ಯಾಲ ವಿಚಾರ ಮಾಡೋಣ."

ಪಂಪ್‌ಹೌಸಿನವರು ಅವನನ್ನು ಆಫೀಸಿನ ಟೇಬಲ್ ಕೆಲಸಕ್ಕೆ ಹಾಕಿದರು. ಅವನು ಬಸ್ಸಿಗೆ ಹೋಗಿ ಬಸ್ಸಿಗೆ ಬರತೊಡಗಿದ. ಗುಳಿಗೆಯಿಂದ ನಿದ್ದೆಗಣ್ಣು, ಸಣ್ಣದಕ್ಕೂ ರೇಗಾಟ. ಆಮೇಲೆ ಗುಳಿಗೆ ಬದಲಾಯಿತು, ಇನ್ನೊಂದು ಸೇರಿತು. ವಾರಕ್ಕೊಮ್ಮೆ ಬರುತ್ತಿದ್ದದ್ದು ತಿಂಗಳಿಗೊಮ್ಮೆಯಾಯಿತು, ಕೊನೆಗೆ ನಿಂತೇಹೋದ ಹಾಗಿತ್ತು. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಪರಮಾನಂದನ ಮುಖ ಅರಳಿತು. ಬೈಕನ್ನು ಒರೆಸಿ, ನಿಲ್ಲಿಸಿದಲ್ಲೇ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ ಬಂದ್ ಮಾಡುತ್ತಿದ್ದ.

ಯುಗಾದಿಯ ಮುಂಚಿನ ಒಂದು ಮುಂಜಾನೆ ಅದು ಮತ್ತೆ ಬಂತು. ಅವನು ಚಹಾ ಕುಡಿಯುತ್ತಿದ್ದ. ಸಂಧ್ಯಾ ಅವನ ಕೈಯಿಂದ ಕಪ್ಪು ಬಿಡಿಸಿ ಕೆಳಗಿಟ್ಟು ಎದುರಿಗೆ ಕೂತಳು. ಮಾಡಲು ಬೇರೇನೂ ಇರಲಿಲ್ಲ. ಎಂಟು ವರ್ಷ ಸಂಸಾರ ಮಾಡಿದ ಗಂಡಸು ಕೈಯಳತೆಯಲ್ಲಿದ್ದ. ಅವಳು ಎಷ್ಟು ಕರೆದರೂ ಅವನಿಗೆ ಮುಟ್ಟುತ್ತಿರಲಿಲ್ಲ.

ಎಚ್ಚರವಾದಾಗ ಅವನು ಕೆಳಗಿನ ಕಪ್ಪನ್ನೂ ಅವಳನ್ನೂ ನೋಡಿದ. "ಬಂದಿತ್ತೇನು?"

ಆ ಕಣ್ಣಿನ ಅಂಜಿಕೆಯನ್ನು ನೋಡಲಾಗದೆ ಅವಳು, "ಇಲ್ರಿ," ಎಂದುಬಿಟ್ಟಳು.

"ಖರೇನ?"

"ಖರೇನ್ರಿ."

ಅವನು ನಕ್ಕ. ಆ ನಗು ಅವಳನ್ನು ಒಂದು ವಾರ ಸುಟ್ಟಿತು. ಬೆಳಗಾವಿಗೆ ಹೋದಾಗ ಅವನು ಕುರ್ಚಿಯ ತುದಿಯಲ್ಲಿ ಕೂತು, "ಪೂರಾ ನಿಂತೈತ್ರಿ ಸರ್, ಬೈಕಿನ ವಿಚಾರ ಮಾಡ್ರಿ," ಎಂದ. ತುಬಚಿಯ ದಾರಿಯ ಕಬ್ಬಿನ ಟ್ರ್ಯಾಕ್ಟರುಗಳು ಸಂಧ್ಯಾಳ ಕಣ್ಣ ಮುಂದೆ ಬಂದವು.

"ಹೋದ ವಾರ ಬಂದಿತ್ರಿ ಸರ್. ನಾನ ಇವರಿಗೆ ಸುಳ್ಳ ಹೇಳೀನಿ."

ಪರಮಾನಂದ ಅವಳ ಕಡೆ ತಿರುಗಲಿಲ್ಲ. ಎರಡು ಗುಳಿಗೆಗೂ ಬಗ್ಗದಿದ್ದರೆ ಆಪರೇಷನ್ನಿಗೆ ಆಗುತ್ತದೋ ಪರೀಕ್ಷೆ ಮಾಡಿಸಿ ನೋಡಬೇಕೆಂದರು ಡಾಕ್ಟರು. ಕಲೆ ಇರುವುದು ಮಾತು, ನೆನಪಿನ ಜಾಗದ ಹತ್ತಿರ. ಪೂರ್ತಿ ಗುಣವಾಗಬಹುದು, ಕೆಲವು ಹೆಸರುಗಳು ತಪ್ಪಿಯೂ ಹೋಗಬಹುದು. ಪರೀಕ್ಷೆಗೆ ಮುಂಚೆ ಯಾವ ಭರವಸೆಯನ್ನೂ ಕೊಡಲಾರೆ ಎಂದರು.

ವಾಪಸು ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಲೋಕಾಪುರ ದಾಟಿ ಮುಧೋಳದ ಹಾದಿಯಲ್ಲಿ ಅವನ ತುಟಿ ಚಪ್ಪರಿಸತೊಡಗಿತು. ಹಿಂದಿನ ಸೀಟಿನ ಮುದುಕಿ, "ಉಳ್ಳಾಗಡ್ಡಿ ಮೂಸಸ್ರಿ," ಎಂದು ಕೂಗಿದಳು. ಯಾರೋ ಕೈಗೆ ಕಬ್ಬಿಣ ಹಿಡಿಸಿರೆಂದು ಕೀಲಿಕೈ ಚಾಚಿದರು. "ಏನೂ ಬ್ಯಾಡ್ರಿ, ತಾನ ಹೋಗ್ತೈತಿ, ಸುಮ್ಮನ ಬಿಡ್ರಿ," ಎಂದು ಸಂಧ್ಯಾ ಎಲ್ಲರಿಗೂ ಕೈ ಅಡ್ಡ ಹಿಡಿದಳು. ಜನ ಎದ್ದು ನಿಂತು ನೋಡಿದರು. ಅವಳೂ ಅವರಂತೆ ಬರೀ ನೋಡಿದಳು.

ಪರಮಾನಂದ ಕಣ್ಣು ಪಿಳುಕಿಸಿ, ನಿಂತ ಜನರನ್ನು ಕಂಡ. ಮೆಲ್ಲಗೆ ಕೇಳಿದ: "ಬಂತೇನ ಸಂಧ್ಯಾ?"

"ಹೂಂ, ಬಂತ್ರಿ."

ಅವನು ತಲೆಯಾಡಿಸಿ ಕಿಟಕಿಗೆ ಒರಗಿದ. "ನನಗ ಏನೂ ಗೊತ್ತ ಆಗಲಿಲ್ಲ ನೋಡು," ಎಂದ.